ಅಣ್ಣಾರಾಯನ ಪಾಳಿ

ಅಣ್ಣಾರಾಯ ಆ ದಿನ ಚಹಾಕ್ಕೆ ನಿಲ್ಲಲಿಲ್ಲ. ಎಂಜಿನ್ ಆರಿಸದೆಯೇ ಲಾರಿಯಿಂದ ಇಳಿದು, ಸೀಟಿನ ಹಿಂದಿದ್ದ ಬಟ್ಟೆಯ ಚೀಲವನ್ನೂ ಹಾಸಿಗೆಯ ಸುರುಳಿಯನ್ನೂ ಒಂದೇ ಕೈಯಲ್ಲಿ ಎಳೆದುಕೊಂಡು, ಸೋಲಾಪುರದ ಕೈಗಾರಿಕಾ ಪ್ರದೇಶ ಎಂಐಡಿಸಿಯ ಗೇಟಿನೆದುರು ಕಾಯುತ್ತಿದ್ದ ಬೀರಣ್ಣನ ಬಳಿಗೆ ಬಂದ. ಮಗಳು ಶೈಲಶ್ರೀಯನ್ನು ನೋಡಲು ಆಳಂದದ ಕಡೆಯವರು ಬರುವವರಿದ್ದಾರೆ, ಮಧ್ಯಾಹ್ನದೊಳಗೆ ಮನೆಯಲ್ಲಿರದಿದ್ದರೆ ದ್ರೌಪದಿ ತನ್ನನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದು ನಗುತ್ತ ಹೇಳಿದ. ಅವನ ಗಡ್ಡ ಬೆಳೆದಿತ್ತು. ಕಿವಿಗೆ ಸುತ್ತಿಕೊಂಡ ಮಫ್ಲರು ಸಡಿಲಾಗಿ ಭುಜಕ್ಕೆ ಜಾರಿತ್ತು. ಬೀರಣ್ಣ ಪ್ರತಿ ಸಲದಂತೆ ಕೇಳಿದ:

"ಗಾಡಿ ಹೆಂಗೈತಿ?"

"ಛಲೋ ಐತಿ. ಏನೂ ಇಲ್ಲ. ನೀ ಹೊಂಡು."

ಹೇಳುವಾಗಲೇ ಅವನ ಕಣ್ಣು ರಸ್ತೆಯಾಚೆ ನಿಂತ ಅಕ್ಕಲಕೋಟದ ಬಸ್ಸಿನ ಮೇಲಿತ್ತು. ಓಡಿಹೋಗಿ ಹತ್ತಿದ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೈ ಹೊರಹಾಕಿ ಬೀಸಿದ್ದು ಬೀರಣ್ಣನಿಗೆ ಕಂಡಿತು.

ಶಾಂತಪ್ಪ ಮಾಲಕರ ಆ ಲಾರಿಯನ್ನು ಅವರಿಬ್ಬರೂ ಪಾಳಿಯ ಮೇಲೆ ಓಡಿಸಲು ಶುರುಮಾಡಿ ಹತ್ತು ವರ್ಷ ದಾಟಿತ್ತು. ಒಂದು ವಾರ ಅಣ್ಣಾರಾಯ, ಮುಂದಿನ ವಾರ ಬೀರಣ್ಣ. ಸೋಲಾಪುರದ ಮಗ್ಗಗಳ ಚಾದರ, ಟವೆಲು ಹೇರಿಕೊಂಡು ಸಾಂಗಲಿಗೋ ಲಾತೂರಿಗೋ ಕಲಬುರ್ಗಿಗೋ ಹೋಗುವುದು, ಬರುವಾಗ ಸಿಕ್ಕಿದ್ದನ್ನು ತುಂಬಿಕೊಂಡು ಬರುವುದು. ಪಾಳಿ ಮುಗಿದವನು ಊರಿನ ಬಸ್ಸು ಹತ್ತುತ್ತಿದ್ದ. ಅಣ್ಣಾರಾಯನ ಮನೆ ಅಕ್ಕಲಕೋಟದೊಳಗೇ, ಬೀರಣ್ಣನದು ಅಲ್ಲಿಂದ ಮುಂದೆ ಕುರನೂರಿನಲ್ಲಿ. ಇಬ್ಬರೂ ಒಟ್ಟಿಗೆ ಆ ಲಾರಿಯಲ್ಲಿ ಕೂತದ್ದೇ ಇಲ್ಲವೆನ್ನಬೇಕು. ಅವರ ಗೆಳೆತನವೆಲ್ಲ ಪಾಳಿ ಬದಲಾಗುವ ಸೋಮವಾರದ ಮುಂಜಾನೆ, ಗೇಟಿನೆದುರಿನ ಚಹಾದಂಗಡಿಯ ಬೆಂಚಿನ ಮೇಲೆ ಬೆಳೆದದ್ದು.

ಉಳಿದದ್ದನ್ನು ಲಾರಿಯೇ ಹೇಳುತ್ತಿತ್ತು. ಎತ್ತರದ ಅಣ್ಣಾರಾಯ ಹಿಂದಕ್ಕೆ ತಳ್ಳಿದ ಸೀಟನ್ನು ಗಿಡ್ಡ ಬೀರಣ್ಣ ಮುಂದಕ್ಕೆಳೆದುಕೊಳ್ಳುತ್ತಿದ್ದ, ಕನ್ನಡಿಯನ್ನು ಕೆಳಗೆ ಬಾಗಿಸುತ್ತಿದ್ದ. ಡಬ್ಬಿ ಇಡುವ ಖಾನೆಯಲ್ಲಿ ದ್ರೌಪದಿ ಕುಟ್ಟಿದ ಶೇಂಗಾ ಚಟ್ನಿ ಅರ್ಧ ಉಳಿದಿರುತ್ತಿತ್ತು, ಬೇಕೆಂದೇ ಉಳಿಸಿದ್ದು. ಬೀರಣ್ಣನೂ ತನ್ನ ಹೆಂಡತಿ ಸುಗಲಾಬಾಯಿ ತಟ್ಟಿದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲೇ ಬಿಟ್ಟು ಇಳಿಯುತ್ತಿದ್ದ. ಚಹಾ ಕುಡಿಯುವಾಗ ಮೊದಲ ಮಾತು ಲಾರಿಯದು. ಯಾವ ಟೈರು ಸವೆದಿದೆ, ಯಾವ ಗೇರು ಮುನಿಸಿಕೊಂಡಿದೆ, ಯಾವ ದೀಪ ಕಣ್ಣು ಮಿಟುಕಿಸುತ್ತಿದೆ. ಆಮೇಲೆ ಮನೆಯದು, ಮಕ್ಕಳದು. ಲಾರಿ ಯಾರ ಪಾಳಿಯಲ್ಲಿ ಕೆಟ್ಟಿತೋ ಅವನೇ ನಿಂತು ರಿಪೇರಿ ಮಾಡಿಸಿ ಇನ್ನೊಬ್ಬನಿಗೆ ಕೊಡಬೇಕು ಎಂಬುದು ಅವರೇ ಮಾಡಿಕೊಂಡ ಕಟ್ಟಳೆ. ಕೊರೊನಾ ಕಾಲದಲ್ಲಿ ಕೆಲಸ ಕಡಿಮೆಯಾಗಿ ಒಬ್ಬನೇ ಸಾಕೆಂದು ಮಾಲಕರು ಹೇಳಿದಾಗ, ಇದ್ದರೆ ಇಬ್ಬರೂ ಇರುತ್ತೇವೆ, ಇಲ್ಲದಿದ್ದರೆ ಇಬ್ಬರೂ ಇಲ್ಲ ಎಂದು ಕೀಲಿಕೈಯನ್ನು ಮೇಜಿನ ಮೇಲಿಟ್ಟು ಎದ್ದು ಬಂದವನು ಅಣ್ಣಾರಾಯ. ಅದನ್ನು ಬೀರಣ್ಣ ಕುರನೂರಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದ.

ಆ ಸೋಮವಾರ ಜತ್ ಪೇಟೆಗೆ ಟವೆಲುಗಳ ಗಂಟು ಹೋಗಬೇಕಿತ್ತು. ಮಂಗಳವೇಢೆ ದಾಟುವವರೆಗೆ ಲಾರಿ ಹೇಳಿದ ಹಾಗೆ ಕೇಳಿತು. ಎರಡೂ ಕಡೆ ಜೋಳ ತೆನೆ ಕಟ್ಟಿ ನಿಂತಿತ್ತು. ನಂದೇಶ್ವರ ಊರು ಹತ್ತಿರವಾದಾಗ ಎಡಗಡೆಯ ಹೊಲದ ದಾರಿಯಿಂದ ಕುರಿಯ ಹಿಂಡೊಂದು ರಸ್ತೆಗೆ ಏರುತ್ತಿದ್ದುದು ಬೀರಣ್ಣನಿಗೆ ದೂರದಿಂದಲೇ ಕಂಡಿತು. ಕುರಿಯ ಹಿಂದೆ ನಡೆದೇ ಬೆಳೆದವನು ಅವನು. ಅವನ ಅಪ್ಪ ಸಾಯುವ ವರ್ಷದವರೆಗೂ ಹಿಂಡಿನೊಡನೆ ಭೀಮೆಯ ದಂಡೆಗುಂಟ ತಿರುಗಿದವನು. ಮುಂದಿನ ಟಗರು ದಾಟಿತೆಂದರೆ ಉಳಿದವು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟ.

ಕಾಲು ಕೆಸರಿಗಿಳಿದ ಹಾಗೆ ತಳದವರೆಗೆ ಹೋಯಿತು. ಅವನು ಇನ್ನೂ ಜೋರಾಗಿ, ಸೀಟಿನಿಂದ ಎದ್ದು ನಿಂತು ಅದನ್ನೇ ಅದುಮಿ ಹಿಡಿದ. ಹಾರ್ನು ಒತ್ತಿದ, ಕೈಬ್ರೇಕು ಎಳೆದ. ಬಲಕ್ಕೆ ತಿರುಗಿಸೋಣವೆಂದರೆ ಕುರುಬನೊಬ್ಬ ಎರಡೂ ಕೈಯಲ್ಲಿ ಕಂಬಳಿ ಎತ್ತಿ ಬೀಸುತ್ತ ಅಲ್ಲೇ ನಿಂತಿದ್ದ. ಎಡಕ್ಕೆ ತಿರುಗಿಸಿದ. ಅದೇ ಕ್ಷಣದಲ್ಲಿ ಕುರುಬನೂ ತನ್ನ ಕುರಿಗಳನ್ನು ಹಿಂದಕ್ಕೆ ಅಟ್ಟಲು ಎಡಕ್ಕೇ ಓಡಿದ.

ಲಾರಿ ಸಣ್ಣ ಸೇತುವೆಯ ಕಟ್ಟೆಗೆ ಗುದ್ದಿ ನಿಂತಿತು. ಎದೆ ಸ್ಟೇರಿಂಗಿಗೆ ಬಡಿದು ಬೀರಣ್ಣನಿಗೆ ಉಸಿರು ಬರಲಿಲ್ಲ. ಒಡೆದ ಗಾಜಿನಾಚೆ ಒಂದು ನಾಯಿ ನಿಂತಿತ್ತು. ಅದು ಬೊಗಳುತ್ತಿರಲಿಲ್ಲ. ಅವನನ್ನೇ ನೋಡುತ್ತಿತ್ತು.

ಎಷ್ಟೋ ಕುರಿ ಸತ್ತವು. ಕುರುಬ ಮಾಳಪ್ಪ ಬದುಕಿದ, ಆದರೆ ಸೋಲಾಪುರದ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಪಕ್ಕೆಲುಬು ಮುರಿದ ಬೀರಣ್ಣ ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿದ್ದ. ಎದ್ದು ನಡೆಯಲು ಬಂದ ದಿನವೇ ಗೋಡೆ ಹಿಡಿದುಕೊಂಡು ಮಾಳಪ್ಪನ ಮಂಚದ ಹತ್ತಿರ ಹೋಗಿ, ತಪ್ಪಾಯಿತೆಂದು ಕೈಮುಗಿದ. ಮಾಳಪ್ಪ ಅವನನ್ನು ಬಹಳ ಹೊತ್ತು ನೋಡಿದ.

"ಕುರುಬರಾವ ಅಂತಲ್ಲ ನೀ," ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದ.

ಬ್ರೇಕು ಹಿಡಿಯಲಿಲ್ಲವೆಂದು ಬೀರಣ್ಣ ಪೊಲೀಸರಿಗೆ ಹೇಳಿದ. ಲಾರಿಯನ್ನು ನೋಡಲು ಬಂದ ಅಧಿಕಾರಿ, ಮುಂಭಾಗ ಕಟ್ಟೆಗೆ ಬಡಿದು ಬ್ರೇಕಿನ ಸಾಮಾನೆಲ್ಲ ಜಜ್ಜಿಹೋಗಿದೆ, ಅದು ಮೊದಲೇ ಕೆಟ್ಟಿತ್ತೋ ಆಮೇಲೆ ಕೆಟ್ಟಿತೋ ಹೇಳಲಾಗುವುದಿಲ್ಲ ಎಂದು ಬರೆದುಕೊಂಡು ಹೋದ. ಶಾಂತಪ್ಪ ಮಾಲಕರು ಆಸ್ಪತ್ರೆಗೆ ಬಂದು, ಕಣ್ಣು ಹತ್ತಿರಬೇಕು ನಿನಗೆ, ಯಾರಿಗಾದರೂ ಆಗುತ್ತದೆ ಎಂದರು. ಬೈಯಲಿಲ್ಲ. ಅವರು ಬೈದಿದ್ದರೆ ಬೀರಣ್ಣ ವಾದಿಸುತ್ತಿದ್ದನೇನೋ. ಹಾಗೆ ಮೆಲ್ಲಗೆ ಹೇಳಿದ್ದು ಅವನೊಳಗೆ ಕೂತುಬಿಟ್ಟಿತು. ದಿನ ಹೋದಂತೆ ಅವನಿಗೆ ತನ್ನ ಕಾಲಿನ ಮೇಲೆಯೇ ಅನುಮಾನ ಬರತೊಡಗಿತು. ತುಳಿದದ್ದು ಬ್ರೇಕನ್ನೇ ಹೌದೇ? ತುಳಿಯುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚಿರಲಿಲ್ಲವೇ? ಊರಿಗೆ ಬಂದ ಮೇಲೆ ಮಧ್ಯಾಹ್ನ ಮಲಗಿದವನ ಬಲಗಾಲು ತಾನಾಗಿ ಗೋಡೆಯನ್ನು ಒತ್ತುತ್ತಿದ್ದುದನ್ನು ಸುಗಲಾಬಾಯಿ ನೋಡಿದಳು. ಎಬ್ಬಿಸಲು ಹೋಗದೆ ಪಾದದ ಮೇಲೆ ಕೈಯಿಟ್ಟು ಕೂತಳು.

ಊರಿನಲ್ಲಿ ಯಾರೂ ಮುಖದೆದುರು ಏನೂ ಅನ್ನಲಿಲ್ಲ. ಬೀರೋಬನ ಗುಡಿಯಲ್ಲಿ ಡೊಳ್ಳಿನವರು ಸೇರಿದಾಗ ಬೀರಣ್ಣ ಎಂದಿನ ಜಾಗದಲ್ಲಿ ಹೋಗಿ ನಿಂತ. ಅವನ ಡೊಳ್ಳು ಬೇರೊಬ್ಬನ ಕೊರಳಲ್ಲಿತ್ತು. ಪಕ್ಕೆ ನೋಯುತ್ತದಲ್ಲ, ಸುಮ್ಮನೆ ಕೂತಿರು ಎಂದರು. ಪಕ್ಕೆಯ ನೋವು ಹೋಗಿ ಆಗಲೇ ತಿಂಗಳು ಕಳೆದಿತ್ತು.

ಆ ದಿನಗಳಲ್ಲಿ ಅವನ ಜೊತೆಗಿದ್ದವನು ಅಣ್ಣಾರಾಯ. ಆಸ್ಪತ್ರೆಗೆ ದ್ರಾಕ್ಷಿ, ಬ್ರೆಡ್ಡು ತಂದುಕೊಟ್ಟ. ಜಾಮೀನಿಗೆ ನಿಂತ. ಪಕ್ಕೆಯ ಪಟ್ಟಿ ಬದಲಿಸುವ ದಿನ ಸುಗಲಾಬಾಯಿಯನ್ನೂ ಅವನನ್ನೂ ಕರೆದೊಯ್ಯಲು ಯಾರದೋ ಜೀಪು ಕೇಳಿಕೊಂಡು ಕುರನೂರಿಗೆ ಬಂದ. ಇನ್ನಾರಿಗೂ ಹೇಳದ್ದನ್ನು ಬೀರಣ್ಣ ಅವನೊಬ್ಬನಿಗೇ ಹೇಳಿದ್ದ. ಅದೂ ಆಸ್ಪತ್ರೆಯಲ್ಲಿ, ತುಂಬ ಅನುಮಾನ ಕಾಡಿದ ಒಂದು ಸಂಜೆ.

"ಹಿಂದಿನ ದಿನ ರಾತ್ರಿ ಗುಡ್ಯಾಗ ಡೊಳ್ಳು ಬಾರಸೂದು ಇತ್ತು. ನಿದ್ದಿ ಪೂರಾ ಆಗಿದ್ದಿಲ್ಲ. ಖರೇನ ನನ್ನ ಕಣ್ಣ ಹತ್ತಿತ್ತೇನೋ ಅಣ್ಣಾ."

ಅಣ್ಣಾರಾಯ ಅವನ ಕೈ ಹಿಡಿದುಕೊಂಡು ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ದ್ರಾಕ್ಷಿ ತೊಳೆದು ತರುತ್ತೇನೆಂದು ಹೊರಗೆ ಹೋದ.

ಬೇಸಿಗೆಯಲ್ಲಿ ಮಂಗಳವೇಢೆಯ ಕೋರ್ಟಿನಲ್ಲಿ ಹೆಸರು ಕೂಗುವ ದಿನ ಹತ್ತಿರವಾದಾಗ, ಏನು ಹೇಳಬೇಕೆಂದು ಬೀರಣ್ಣ ಕೇಳಿದ್ದೂ ಅವನನ್ನೇ. ಅಣ್ಣಾರಾಯನ ಸಲಹೆ ತಯಾರಾಗಿತ್ತು.

"ಬ್ರೇಕಿಂದು ತೆಗೀಬ್ಯಾಡ. ಎಲ್ಲಾ ಡ್ರೈವರೂ ಅದನ್ನ ಹೇಳ್ತಾರಂತ ಜಡ್ಜ್ ಸಾಹೇಬರು ನಗತಾರ. ಕಬೂಲ್ ಆಗಿಬಿಡು. ಒಮ್ಮಿಗೆ ಮುಗೀತೈತಿ."

ಬೀರಣ್ಣ ಹಾಗೆಯೇ ಮಾಡಿದ. ತಪ್ಪು ನನ್ನದು ಎಂದು ಹೇಳಿ ತಲೆ ತಗ್ಗಿಸಿ ನಿಂತ. ದಂಡ ಹಾಕಿದರು, ಲೈಸನ್ಸು ತಡೆಹಿಡಿದರು. ಅಣ್ಣಾರಾಯನೇ ಮಾಲಕರಿಗೆ ಹೇಳಿ ಅವನಿಗೆ ಎಂಐಡಿಸಿಯ ಟವೆಲು ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ ಕೊಡಿಸಿದ. ಲಾರಿ ರಿಪೇರಿಯಾಗಿ ಬಂದಿತ್ತು. ಈಗ ಎರಡೂ ಪಾಳಿ ಅಣ್ಣಾರಾಯನದೇ. ಅದು ಕಾರ್ಖಾನೆಯ ಬಾಗಿಲಿಗೆ ಬಂದಾಗ ಗೇಟು ತೆಗೆಯುವವನು ಬೀರಣ್ಣ. ಅಣ್ಣಾರಾಯ ಮೇಲಿನಿಂದ ಕೈಯೆತ್ತುತ್ತಿದ್ದ, ಚಟ್ನಿಯ ಡಬ್ಬಿ ಕೆಳಗೆ ಕೊಡುತ್ತಿದ್ದ. ವೈಶಾಖದಲ್ಲಿ ಶೈಲಶ್ರೀಯ ಮದುವೆಯಾಯಿತು. ಬೀಗರ ಸಾಲಿನಲ್ಲಿ ಬೀರಣ್ಣನನ್ನು ಕೂರಿಸಿ, ತಲೆಗೆ ಟೊಪ್ಪಿಗೆ, ಹೆಗಲಿಗೆ ಟವೆಲು ಹಾಕಿ, ಇವ ನನ್ನ ತಮ್ಮ ಎಂದು ಆಳಂದದವರಿಗೆ ಹೇಳಿದ. ಬೀರಣ್ಣನ ಕಣ್ಣಲ್ಲಿ ನೀರು ಬಂತು.

ಶ್ರಾವಣ ಹುಟ್ಟಿದ ವಾರ ಕಾರ್ಖಾನೆಯ ಗೇಟಿನಲ್ಲೇ ಒಂದು ಟೆಂಪೋ ಕೆಟ್ಟು ನಿಂತಿತು. ಅದನ್ನು ನೋಡಲು ಅಕ್ಕಲಕೋಟ ನಾಕಾದ ಗ್ಯಾರೇಜಿನ ಮೇಸ್ತ್ರಿ ಯೋಗಿರಾಜ ಬಂದ. ಶಾಂತಪ್ಪ ಮಾಲಕರ ಲಾರಿಯನ್ನೂ ಮೊದಲಿನಿಂದ ನೋಡುತ್ತಿದ್ದವನು ಅವನೇ. ಟೆಂಪೋದ ಕೆಳಗೆ ಮಲಗಿ ಕೆಲಸ ಮಾಡುತ್ತಲೇ ಮಾತಾಡುವುದು ಅವನ ರೂಢಿ. ಬೀರಣ್ಣ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ನಟ್ಟು ತಿರುಗಿಸಲು ಅವನು ಕೇಳಿದ ಪಾನಾ ತೆಗೆದುಕೊಡುತ್ತಿದ್ದ. ಟೆಂಪೋದವನು ಬ್ರೇಕಿನ ಕೆಲಸ ಮುಂದಿನ ತಿಂಗಳಿಗೆ ಇರಲಿ ಎಂದದ್ದಕ್ಕೆ ಯೋಗಿರಾಜನಿಗೆ ಸಿಟ್ಟು ಬಂದಿತ್ತು.

"ಎಲ್ಲಾರೂ ನಾಳಿ ಬರ್ತೀನಿ ಅಂತಾರ್ರಿ. ನಿಮ್ಮ ಅಣ್ಣಾರಾಯರೂ ಹಂಗ ಅಂದು ಹೋದರಲ್ಲ. ಮಗಳನ್ನ ನೋಡಾಕ ಪಾವ್ಣ್ಯಾರು ಬರ್ತಾರ, ಗಾಡಿ ಬಿಟ್ಟ ಹೋಗಾಕ ಆಗಂಗಿಲ್ಲ ಅಂದರು. ಬ್ರೇಕಿನ ಮಾಸ್ಟರ್ ಸಿಲಿಂಡರ್ ಹೋಗೇತಿ, ಒಮ್ಮೊಮ್ಮೆ ಕೈ ಕೊಡತೈತಿ, ಓಡಸಬ್ಯಾಡ್ರಿ ಅಂತ ಹೇಳಿದ್ದೆ ನಾ."

ಬೀರಣ್ಣ ಕೈಯಲ್ಲಿದ್ದ ಪಾನಾವನ್ನು ನೆಲದ ಮೇಲಿಟ್ಟ. ಇದು ಯಾವಾಗ ಎಂದು ಕೇಳಿದ. ಟೆಂಪೋದ ಕೆಳಗಿನ ಸದ್ದು ನಿಂತಿತು. ಯೋಗಿರಾಜ ತಲೆ ಹೊರಗೆ ಹಾಕಿ ಅವನ ಮುಖ ನೋಡಿದ.

"ನಿಮಗ ಹೇಳ್ಯಾರ ಅಂತ ತಿಳಕೊಂಡಿದ್ದೆ," ಎಂದ. ಮತ್ತೆ ಟೆಂಪೋದ ಕೆಳಗೆ ಸರಿದ.

ಅದು ನಿಮ್ಮ ಪಾಳಿ ಶುರುವಾಗುವ ಹಿಂದಿನ ದಿನ ಎಂದು ಯೋಗಿರಾಜ ಬಾಯಿಬಿಟ್ಟು ಹೇಳಿದ್ದು ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವಾಗ. ತಾನು ಹೇಳಿದೆನೆಂದು ಎಲ್ಲಿಯೂ ಹೇಳಬೇಡಿ, ಮಾಲಕರ ಗಾಡಿಯ ಕೆಲಸ ತನ್ನ ಕೈತಪ್ಪುತ್ತದೆ ಎಂದೂ ಸೇರಿಸಿದ.

ಬೀರಣ್ಣ ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತ. ಬಂದ ಗಾಡಿಗಳಿಗೆ ಗೇಟು ತೆಗೆದ, ಹೋದವಕ್ಕೆ ಮುಚ್ಚಿದ. ಮೊದಲು ಅವನಿಗೆ ಅನಿಸಿದ್ದು ಹಗುರ. ಕಣ್ಣು ಹತ್ತಿರಲಿಲ್ಲ, ಕಾಲು ತಪ್ಪಿರಲಿಲ್ಲ. ಆ ಹಗುರದ ಬೆನ್ನಿಗೇ ಒಂದೊಂದೇ ನೆನಪಾಗತೊಡಗಿತು. ಆಸ್ಪತ್ರೆಯಲ್ಲಿ ಕೈ ಹಿಡಿದು ಕೂತದ್ದು. ದ್ರಾಕ್ಷಿ ತೊಳೆಯಲು ಎದ್ದು ಹೋದದ್ದು. ಕಬೂಲ್ ಆಗು ಎಂದದ್ದು. ಮದುವೆಯ ಟೊಪ್ಪಿಗೆ. ಅಣ್ಣಾರಾಯ ಮಾಡಿದ ಒಂದು ಉಪಕಾರವನ್ನಾದರೂ ಹಾಗೆಯೇ ಉಳಿಸಿಕೊಳ್ಳೋಣವೆಂದು ಬೀರಣ್ಣ ಹುಡುಕಿದ. ಕೊರೊನಾ ಕಾಲದ್ದು ಒಂದು ಸಿಕ್ಕಿತು. ಅದನ್ನೂ ತಿರುಗಿಸಿ ತಿರುಗಿಸಿ ನೋಡುವಂತಾಗಿತ್ತು ಈಗ.

ಪಂಚಮಿಯ ಮರುದಿನ ಅವನು ಅಕ್ಕಲಕೋಟಕ್ಕೆ ಹೋದ. ಶೈಲಶ್ರೀ ಮೊದಲ ಪಂಚಮಿಗೆ ತವರಿಗೆ ಬಂದಿದ್ದಳು. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಕಾಕಾ ಬಂದರು ಎಂದು ಅವಳು ಇಳಿದು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ದ್ರೌಪದಿ ಬಟ್ಟಲಲ್ಲಿ ರವೆ ಉಂಡೆ, ಶೇಂಗಾ ಉಂಡೆ ತಂದಿಟ್ಟು, ಸುಗಲಾಬಾಯಿಯನ್ನೇಕೆ ಕರೆತರಲಿಲ್ಲವೆಂದು ಕೇಳಿದಳು. ಬೀರಣ್ಣ ಒಂದು ಉಂಡೆ ತಿಂದ. ಆಮೇಲೆ ಅಣ್ಣಾರಾಯನನ್ನು ಹಿತ್ತಲಿಗೆ ಕರೆದ. ಎಮ್ಮೆ ಕಟ್ಟಿದ ಗೋದಲೆಯ ಪಕ್ಕ ಇಬ್ಬರೂ ನಿಂತರು. ಮಾಸ್ಟರ್ ಸಿಲಿಂಡರ್ ಎಂಬ ಮಾತು ಬೀರಣ್ಣನ ಬಾಯಿಂದ ಬಂದದ್ದೇ ತಡ, ಅಣ್ಣಾರಾಯ ಎಮ್ಮೆಯ ಬೆನ್ನಿನ ಮೇಲೆ ಕೈಯಿಟ್ಟ. ಅದನ್ನು ಅಲ್ಲಿಂದ ತೆಗೆಯಲಿಲ್ಲ.

"ಎರಡ ಸಲಾ ತುಳಿದ್ರ ಹಿಡೀತಿತ್ತು," ಎಂದ ಕೊನೆಗೆ. "ಆ ವಾರ ಪೂರಾ ಹಂಗ ಓಡಿಸೀನಿ. ನನಗೇನೂ ಆಗಲಿಲ್ಲ. ಮನಿಗಿ ಮುಟ್ಟಿ ನಿನಗ ಫೋನ್ ಮಾಡಬೇಕು ಅಂದಿದ್ದೆ. ಪಾವ್ಣ್ಯಾರು ಬಂದಬಿಟ್ರು."

ಎದ್ದು ನಿಂತು ಒಂದೇ ಸಮನೆ ಅದುಮಿ ಹಿಡಿದದ್ದು ಬೀರಣ್ಣನ ಕಾಲಿಗೆ ನೆನಪಾಯಿತು. ಒಮ್ಮೆ ಬಿಟ್ಟು ಮತ್ತೆ ತುಳಿದಿದ್ದರೆ ಸಾಕಿತ್ತು. ಗೊತ್ತಿದ್ದವನು ತುಳಿಯುತ್ತಿದ್ದ.

"ಗೇಟಿನಾಗ ಹೇಳಿದ್ರ ನಾ ಗಾಡಿ ಒಯ್ತಿದ್ದಿಲ್ಲ."

"ಅದಕ್ಕ ಹೇಳಲಿಲ್ಲ," ಎಂದ ಅಣ್ಣಾರಾಯ. "ನೀ ಒಯ್ಯದಿದ್ರ ನಾ ಅಲ್ಲೇ ನಿಲ್ಲಬೇಕಾಗಿತ್ತು. ನನ್ನ ಪಾಳಿಯಾಗ ಕೆಟ್ಟದ್ದು."

ಅಂಗಳದಲ್ಲಿ ಹೆಣ್ಣುಮಕ್ಕಳ ನಗು ಕೇಳುತ್ತಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಬೀರಣ್ಣ ಕೇಳಲಿಲ್ಲ. ಕೋರ್ಟಿನದನ್ನೂ ಎತ್ತಲಿಲ್ಲ. ಎತ್ತಿದರೆ ತನ್ನ ಕೈ ಸುಮ್ಮನಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಒಂದನ್ನೇ ಕೇಳಿದ. ಪೊಲೀಸರ ಮುಂದೆ ಬೇಡ, ಮಾಲಕರ ಮುಂದೆ ಬೇಡ. ನಂದೇಶ್ವರಕ್ಕೆ ಬಂದು ಮಾಳಪ್ಪನ ಮುಂದೆ ಒಂದು ಸಲ ಹೇಳು. ಅಷ್ಟು ಸಾಕು, ಆಮೇಲೆ ನಾನು ನಿನ್ನ ಮನೆಗೆ ಬರುವುದಿಲ್ಲ, ನೀನು ನನ್ನ ಮನೆಗೆ ಬರಬೇಡ. ಅಣ್ಣಾರಾಯ ಅಳುತ್ತಿದ್ದ. ಬರುತ್ತೇನೆ ಎಂದ. ಸೋಮವಾರ ಲಾರಿ ನಿಲ್ಲಿಸುತ್ತೇನೆ, ಸೋಲಾಪುರದ ಸ್ಟ್ಯಾಂಡಿನಲ್ಲಿ ಮಂಗಳವೇಢೆಯ ಬಸ್ಸು ನಿಲ್ಲುವಲ್ಲಿ ಇರುತ್ತೇನೆ ಎಂದ. ಮಗಳ ಹೆಸರಿನ ಮೇಲೆ ಆಣೆಯಿಡಲು ಹೋದವನನ್ನು ಬೀರಣ್ಣನೇ ತಡೆದ.

ಮನೆಗೆ ಬಂದು ಸುಗಲಾಬಾಯಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬರ್ತಾನ ಅಂತೀರೇನು?"

"ಬರ್ತಾನ," ಎಂದ ಬೀರಣ್ಣ. ಹಾಗೆನ್ನುವಾಗ ಅವನಿಗೆ ಅನುಮಾನವಿರಲಿಲ್ಲ.

ಸೋಮವಾರ ಮುಂಜಾನೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸ್ಟ್ಯಾಂಡಿಗೆ ಬಂದ. ಮಂಗಳವೇಢೆಯ ಬಸ್ಸುಗಳು ಬಂದವು, ಹೋದವು. ಅಣ್ಣಾರಾಯನ ಫೋನು ಬಂದ್ ಆಗಿತ್ತು. ಅಕ್ಕಲಕೋಟದ ಕಡೆಯಿಂದ ಬರುವ ಪ್ರತಿ ಬಸ್ಸಿನ ಬಾಗಿಲನ್ನೂ ಬೀರಣ್ಣ ಕೊನೆಯವನು ಇಳಿಯುವವರೆಗೆ ನೋಡಿದ. ಬಿಸಿಲು ಏರಿತು. ಮರಳಿ ಹೋಗೋಣವೆಂದು ಒಮ್ಮೆ ಹೆಜ್ಜೆ ಹಾಕಿದವನು, ಇಷ್ಟು ದೂರ ಬಂದು ಮಾಳಪ್ಪನಿಗೆ ಹೇಳದೆ ಹೋದರೆ ಮತ್ತೆ ಹೇಳಲಾರೆನೆನಿಸಿ ಒಬ್ಬನೇ ಬಸ್ಸು ಹತ್ತಿದ. ಮಂಗಳವೇಢೆಯಿಂದ ಮುಂದೆ ಜನ ತುಂಬಿಕೊಂಡು ಹೋಗುವ ಜೀಪು ಸಿಕ್ಕಿತು. ಸೇತುವೆಯ ಕಟ್ಟೆಯನ್ನು ಹೊಸದಾಗಿ ಕಟ್ಟಿದ್ದರು. ಸಿಮೆಂಟು ಇನ್ನೂ ಬಿಳಿಯಾಗಿಯೇ ಇತ್ತು. ಅದು ಹಿಂದೆ ಸರಿಯುವವರೆಗೂ ಅವನು ಉಸಿರು ಬಿಡಲಿಲ್ಲ.

ಮಾಳಪ್ಪನ ಮನೆ ಊರ ಹೊರಗೆ, ಒಡ್ಡಿನ ಮೇಲೆ. ಕುರಿಗಳು ಮಗನೊಡನೆ ಹೊರಗೆ ಹೋಗಿದ್ದವು. ಖಾಲಿ ಹಟ್ಟಿಯಲ್ಲಿ ಎರಡು ಎಳೆ ಮರಿಗಳಷ್ಟೇ ಉಳಿದಿದ್ದವು. ಬಾರಿಹಣ್ಣಿನ ಮರದ ನೆರಳಲ್ಲಿ ಮಾಳಪ್ಪ ಕೂತು ಉಣ್ಣೆ ನೂಲುತ್ತಿದ್ದ. ಉಳಿದ ಕಾಲನ್ನು ಮುಂದೆ ಚಾಚಿದ್ದ, ಕಂಕುಳಗೋಲು ಪಕ್ಕದಲ್ಲಿತ್ತು. ಬೀರಣ್ಣನನ್ನು ಕಂಡು ಅವನು ಸಿಟ್ಟಾಗಲಿಲ್ಲ. ಬಾ, ಕೂಡು ಎಂದ. ಸೊಸೆಯನ್ನು ಕರೆದು ನೀರು ತರಲು ಹೇಳಿದ. ಬೀರಣ್ಣನಿಗೆ ಆಶ್ಚರ್ಯವಾಯಿತು. ಧೈರ್ಯವೂ ಬಂತು.

ನೀರು ಕುಡಿದು ಅವನು ಹೇಳತೊಡಗಿದ. ಪಾಳಿಯ ಸಂಗತಿ, ಮೇಸ್ತ್ರಿ ಹೇಳಿದ್ದು, ಗೇಟಿನಲ್ಲಿ ಅಣ್ಣಾರಾಯ ಏನೂ ಇಲ್ಲವೆಂದದ್ದು, ಕಾಲು ತಳಕ್ಕೆ ಹೋದದ್ದು. ಕದಿರು ತಿರುಗುತ್ತಿತ್ತು. ಮಾಳಪ್ಪ ನಡುನಡುವೆ ಹೂಂಗುಟ್ಟುತ್ತಿದ್ದ. ಅವನ ಸೊಸೆ ಕಂಬಕ್ಕೆ ಒರಗಿ ನಿಂತು, ಕನಿಕರದಿಂದ ಬೀರಣ್ಣನನ್ನು ನೋಡುತ್ತಿದ್ದಳು. ಜ್ವರ ಬಂದವನು ಬಡಬಡಿಸುವುದನ್ನು ಕೇಳುವವರ ನೋಟ ಅದು. ಹೇಳಿ ಮುಗಿದ ಮೇಲೆ ಮಾಳಪ್ಪ ನೂಲನ್ನು ಕದಿರಿಗೆ ಸುತ್ತಿ ಕೆಳಗಿಟ್ಟ.

"ನಿನ್ನಿ ಬಂದಿದ್ದ ಅಂವ," ಎಂದ.

ಯಾರು ಎಂದು ಬೀರಣ್ಣ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದ.

"ಎತ್ತರನ ಮನಷ್ಯಾ. ನಿನ್ನ ದೋಸ್ತ. ಇಲ್ಲೇ ಕುಂತು ಭಾಳ ಅತ್ತ ಬಿಡು."

ಮಾಳಪ್ಪ ಮೆಲ್ಲಗೆ, ಯಾರಿಗೂ ನೋವಾಗದಂತೆ ಹೇಳಿದ. ಬೀರಣ್ಣ ಹಿಂದಿನ ರಾತ್ರಿ ಗುಡಿಯಲ್ಲಿ ಡೊಳ್ಳು ಬಾರಿಸಿ ನಿದ್ದೆಗೆಟ್ಟಿದ್ದನಂತೆ, ಸ್ಟೇರಿಂಗ್ ಹಿಡಿದಲ್ಲೇ ಕಣ್ಣು ಹತ್ತಿತಂತೆ. ಅದನ್ನು ಅವನೇ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಿದ್ದನಂತೆ. ಆಮೇಲೆ ಮನಸ್ಸಿಗೆ ಹಚ್ಚಿಕೊಂಡು ಈಗೀಗ ತಲೆ ನೆಟ್ಟಗಿಲ್ಲವಂತೆ. ಒಮ್ಮೆ ಮಾಲಕರದು ತಪ್ಪು ಅನ್ನುತ್ತಾನೆ, ಒಮ್ಮೆ ಮೇಸ್ತ್ರಿಯದು ಅನ್ನುತ್ತಾನೆ, ಕೊನೆಗೆ ನನ್ನ ಮೇಲೂ ಬಂದಿದ್ದಾನೆ, ನಿಮ್ಮ ಹತ್ತಿರವೂ ಬರುತ್ತಾನೆ, ಬಂದರೆ ಬೈಯಬೇಡಿ, ಅವನಿಗೆ ಬೇರೆ ಯಾರೂ ಇಲ್ಲ ಎಂದು ಅಣ್ಣಾರಾಯ ಕೈಮುಗಿದನಂತೆ.

"ನಿನ್ನ ಸಲುವಾಗಿ ನನ್ನ ಕಾಲ ಹಿಡಕೊಂಡ ಅಂವ," ಎಂದ ಮಾಳಪ್ಪ. "ಇದ್ದ ಒಂದ ಕಾಲ."

ಸೊಸೆ ಒಳಗೆ ಹೋಗಿ ತಾಟಿನಲ್ಲಿ ಉಂಡೆಗಳನ್ನು ತಂದು ಬೀರಣ್ಣನ ಮುಂದಿಟ್ಟಳು. ನಿನ್ನೆ ನಿಮ್ಮ ಗೆಳೆಯರು ತಂದದ್ದು, ತಿನ್ನಿರಿ ಎಂದಳು. ರವೆ ಉಂಡೆ, ಶೇಂಗಾ ಉಂಡೆ. ಪ್ರತಿಯೊಂದರ ಮೇಲೂ ದ್ರೌಪದಿ ಒಂದೊಂದು ಒಣದ್ರಾಕ್ಷಿ ಒತ್ತಿದ್ದಳು.

"ಸುಳ್ಳ ಹೇಳ್ಯಾನ ಅಂವ," ಎಂದ ಬೀರಣ್ಣ. "ಬ್ರೇಕ್ ಹೋಗಿತ್ತು. ಅವಗ ಗೊತ್ತಿತ್ತು."

ಅವನ ದನಿ ಏರಿತ್ತು. ಸೊಸೆ ಮಾವನ ಕಡೆ ನೋಡಿದಳು. ಮಾಳಪ್ಪ ಅವಳಿಗೆ ಕಣ್ಣಲ್ಲೇ ಸುಮ್ಮನಿರಲು ಹೇಳಿದ. ಅಣ್ಣಾರಾಯ ಹೇಳಿಹೋಗಿದ್ದ ಮನುಷ್ಯನಂತೆಯೇ ತಾನೀಗ ಕೂತಿದ್ದೇನೆ, ಅವನು ಹೇಳಿಹೋಗಿದ್ದ ಮಾತನ್ನೇ ಆಡುತ್ತಿದ್ದೇನೆ ಎಂಬುದು ಬೀರಣ್ಣನಿಗೆ ಹೊಳೆಯಿತು. ಯೋಗಿರಾಜನ ಹೆಸರು ಎತ್ತುವುದನ್ನೂ ಅಣ್ಣಾರಾಯ ಮೊದಲೇ ಲೆಕ್ಕ ಹಾಕಿ ಹೋಗಿದ್ದ. ಡೊಳ್ಳು ಬಾರಿಸಿದ್ದಿಲ್ಲ ಎನ್ನುವ ಹಾಗಿರಲಿಲ್ಲ.

ಮರಿಗಳಲ್ಲೊಂದು ಬಂದು ಉಂಡೆಯ ತಾಟನ್ನು ಮೂಸಿತು. ಸೊಸೆ ಅದನ್ನು ದೂರ ಸರಿಸಿದಳು.

"ಸಿಟ್ಟ ಹೊತಗೊಂಡು ಕುಂತು ನನಗೂ ಸಾಕಾಗೇತಪ್ಪಾ," ಎಂದ ಮಾಳಪ್ಪ. "ನಿದ್ದಿ ಯಾರಿಗಿ ಬಿಟ್ಟೈತಿ. ಕುರಿ ಮುಂದ ಬಿಟ್ಟು ಕೈಯಾಗಿನ ಕೋಲ ಮ್ಯಾಲ ಗದ್ದಾ ಊರಿ ನಾನೂ ತೂಕಡಿಸೀನಿ. ನೀ ಬೇಕಂತ ಮಾಡಿಲ್ಲ. ಬ್ರೇಕು ಗೀಕು ಎಲ್ಲಾ ಬಿಟ್ಟಬಿಡು. ನನ್ನ ಮನಸಿನಾಗ ಏನೂ ಇಲ್ಲ ಈಗ."

ದೇವರ ಮುಂದಿನ ಭಂಡಾರ ತರಲು ಸೊಸೆಗೆ ಹೇಳಿದ. ಅವಳು ಹಿತ್ತಾಳೆಯ ಬಟ್ಟಲು ತಂದಳು. ಅರಿಶಿನದ ಪುಡಿ ತುಳುಕುವಷ್ಟಿತ್ತು. ಮಾಳಪ್ಪ ಒಂದು ಕೈಯನ್ನು ನೆಲಕ್ಕೂರಿ, ಕಾಲಿಲ್ಲದ ಬದಿಗೆ ಬೀಳದಂತೆ ಮೈಯನ್ನು ಹಿಡಿದುಕೊಂಡು, ಕಷ್ಟಪಟ್ಟು ಮುಂದಕ್ಕೆ ಬಾಗಿದ. ಅವನ ಕೊರಳಿನ ನರಗಳು ಎದ್ದು ಕಂಡವು.

"ತಲಿ ಬಗ್ಗಸು," ಎಂದ.

ಬೀರಣ್ಣ ಅವನ ಮುಖ ನೋಡಿದ. ಆ ಮುಖದಲ್ಲಿ ಆಸ್ಪತ್ರೆಯಲ್ಲಿ ಕಂಡದ್ದು ಯಾವುದೂ ಉಳಿದಿರಲಿಲ್ಲ. ಅವನು ತಲೆ ಬಗ್ಗಿಸಿದ. ಮಾಳಪ್ಪನ ಒರಟು ಹೆಬ್ಬೆರಳು ಹಣೆಯ ಈ ತುದಿಯಿಂದ ಆ ತುದಿಗೆ ಹಾಯ್ದು ನಡುವೆ ಒಮ್ಮೆ ಒತ್ತಿತು. ಉಳಿದ ಪುಡಿಯನ್ನು ಅವನು ಬೀರಣ್ಣನ ನೆತ್ತಿಯ ಮೇಲೆ ಸುರಿದ. ಬೀರೋಬಾ ಒಳ್ಳೆಯದು ಮಾಡಲಿ, ಇನ್ನು ಡೊಳ್ಳು ಹಿಡಿ ಎಂದ.

ಮರಳಿ ಬರುವ ಜೀಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನದ ಸೆಖೆಗೆ ಎಲ್ಲರೂ ಬೆವರುತ್ತಿದ್ದರು. ಎದುರಿಗೆ ತೊಡೆಯ ಮೇಲೆ ಬುಟ್ಟಿಯಿಟ್ಟುಕೊಂಡು ಕೂತಿದ್ದ ಮುದುಕಿ ಅವನ ಹಣೆಯನ್ನೂ ಬಿಳಿ ಅಂಗಿಯ ಭುಜದ ಮೇಲೆ ಉದುರಿದ್ದ ಹಳದಿಯನ್ನೂ ನೋಡಿ ಕೈಮುಗಿದಳು. ಬೀರೋಬನ ದರ್ಶನ ಚೆನ್ನಾಗಿ ಆಯಿತೇ ಎಂದು ಮರಾಠಿಯಲ್ಲಿ ಕೇಳಿದಳು. ಬೀರಣ್ಣ ಹೌದೆಂದು ತಲೆಯಾಡಿಸಿದ. ಬೆವರಿನೊಡನೆ ಭಂಡಾರ ಹುಬ್ಬಿನ ಗುಂಟ ಇಳಿದು ಒಂದು ಕಣ್ಣಿನೊಳಗೆ ಹೋಯಿತು. ಉರಿಯಿತು. ಅವನು ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡೇ ಕೂತಿದ್ದ. ಹಳದಿ ನೀರು ಕೆನ್ನೆಯ ಮೇಲಿಂದ ಗದ್ದಕ್ಕಿಳಿದು ಅಂಗಿಯ ಮೇಲೆ ಹನಿಯಿತು.